ಬೆರಳಿಗೆ ಸಿಕ್ಕ ಅಕ್ಷರ

ಸ್ಲೇಟಿನ ಮೇಲೆ ನಾನು ಬರೆದುಕೊಟ್ಟ ಅಕ್ಷರವನ್ನು ಓದು ಎಂದರೆ, ಹೊನ್ನಿ ಅದನ್ನು ಬೆರಳಿನಿಂದ ಸವರಿ ಅಳಿಸಿಯೇಬಿಟ್ಟಳು. ನನಗೆ ರೇಗಿತು. ಅಜ್ಜಂಪುರದ ಪಕ್ಕದ ಹಳ್ಳಿಯ ಆ ಶಾಲೆಗೆ ನಾನೊಬ್ಬನೇ ಮೇಷ್ಟರು. ಮಕ್ಕಳು ನೆಲದ ಮರಳಿನಲ್ಲಿ ಅಕ್ಷರ ತಿದ್ದುತ್ತಿದ್ದಾಗ ಇವಳೇ ಎಲ್ಲರಿಗಿಂತ ಮುಂದಿದ್ದಳು. ಹೊಸ ಸ್ಲೇಟುಗಳು ಬಂದ ದಿನ ಮರಳನ್ನೆಲ್ಲ ಹೊರಗೆ ಸುರಿಸಿದ್ದೆ. ಅಂದಿನಿಂದ ಅವಳು ಒಂದಕ್ಷರವನ್ನೂ ಓದಿರಲಿಲ್ಲ. ಹಟವೆಂದೇ ತಿಳಿದು, ಶಾಲೆ ಬಿಡಿಸಲು ಹೇಳೋಣವೆಂದು ಅವಳ ಅಪ್ಪನನ್ನು ಕರೆಸಿದ್ದೆ. ಅವನು ಬಾಗಿಲಲ್ಲಿ ನಿಂತು ನೋಡುತ್ತಿದ್ದ.

"ಮರಳಲ್ಲಾದ್ರೆ ಬೆರಳಿಗೆ ಸಿಕ್ತಿತ್ತು ಮೇಷ್ಟ್ರೇ. ಇದ್ರಲ್ಲಿ ಏನೂ ಸಿಗಲ್ಲ" ಎಂದಳು ಹೊನ್ನಿ.

ಅಪ್ಪ ತಲೆ ತಗ್ಗಿಸಿದ. "ಅವ್ಳಿಗೆ ಕಣ್ಣು ಮಬ್ಬು ಕಣ್ರೀ. ಹೇಳಿದ್ರೆ ನೀವು ಸೇರಿಸ್ಕಳಲ್ಲ ಅಂತ ಸುಮ್ನಿದ್ದೆ."

ಅವನು ಅಂದುಕೊಂಡದ್ದು ಸರಿಯಾಗಿತ್ತು, ನಾನು ಸೇರಿಸಿಕೊಳ್ಳುತ್ತಿರಲಿಲ್ಲ. ಹೊರಗೆ ಹೋಗಿ, ಮರಳನ್ನು ಬೊಗಸೆಯಲ್ಲಿ ತುಂಬಿ ತಂದು ಅವಳ ಮುಂದೆ ಹರಡಿದೆ. ಅದೇ ಅಕ್ಷರವನ್ನು ಬರೆದೆ. ಹೊನ್ನಿ ಬೆರಳಾಡಿಸಿ ತಕ್ಷಣ ಓದಿದಳು.

ಈಗ ಯಾವುದಾದರೂ ಮಗು ಕಲಿಯುವುದನ್ನು ನಿಲ್ಲಿಸಿದರೆ, ಅದರ ಕೈಯಿಂದ ನಾನು ಏನನ್ನು ಕಿತ್ತುಕೊಂಡೆ ಎಂದು ಮೊದಲು ಹುಡುಕುತ್ತೇನೆ.