ಇದ್ದಿಲ ಬಸ್ಸು ಏರದ ದಿಣ್ಣೆ

ಶ್ರೀನಿವಾಸಪುರದಿಂದ ಕೋಲಾರಕ್ಕೆ ಹೊರಟ ಬಸ್ಸು ದಿಣ್ಣೆಯ ನಡುವೆ ನಿಂತುಬಿಟ್ಟಿತು. ಯುದ್ಧದ ಕಾಲ, ಪೆಟ್ರೋಲ್ ಸಿಗದೆ ಇದ್ದಿಲಿನಿಂದ ಓಡುವ ಬಸ್ಸು. ಏರು ಬಂದರೆ ಎಲ್ಲರೂ ಇಳಿದು ನಡೆಯಬೇಕು. ಮಾವಿನ ಮಂಡಿಯ ಯಜಮಾನರಾದ ನಮ್ಮ ಮಾವನವರನ್ನು ಮಾತ್ರ ಕಂಡಕ್ಟರು ಎಂದೂ ಇಳಿಸುತ್ತಿರಲಿಲ್ಲ. ಅವರ ದೊಡ್ಡ ಹೊಟ್ಟೆ ಮನೆಯ ಸಿರಿಯೆಂದು ನಮಗೆಲ್ಲ ಹೆಮ್ಮೆ. ಅಂದು ಏನನಿಸಿತೋ, ಸೊಸೆಯಾದ ನನ್ನ ಹಿಂದೆಯೇ ಅವರೂ ನಗುತ್ತಾ ಇಳಿದರು.

ಬೆಳಗಿನ ಮಂಜು, ಮಾವಿನ ಹೂವಿನ ಘಮ, ಬಸ್ಸಿನ ಹೊಗೆ ಎಲ್ಲ ಬೆರೆತು ದಾರಿ ಕನಸಿನಲ್ಲಿ ಕಂಡಂತಿತ್ತು. ಆ ಮಂಜಿನೊಳಗೇ ಮಾವನವರು ಎದೆ ಹಿಡಿದು ಕುಸಿದು ಕೂತರು. ಮೈಯೆಲ್ಲ ತಣ್ಣನೆ ಬೆವರು.

“ವಾಯು ಅಷ್ಟೇ ಕಣಯ್ಯಾ, ನಾಲ್ಕು ಹೆಜ್ಜೆ ನಡೆದ್ರೆ ಇಳಿಯುತ್ತೆ,” ಎಂದು ಕಂಡಕ್ಟರಿಗೆ ಹೇಳಿ ಏಳಹೋದರು.

ಪ್ರಯಾಣಿಕರಲ್ಲಿದ್ದ ನರ್ಸಮ್ಮ ನಾಡಿ ಹಿಡಿದು ಗದರಿದರು: “ಏಳ್ಬೇಡಿ ಯಜಮಾನ್ರೇ! ವಾಯು ಅಲ್ಲ ಇದು, ಗುಂಡಿಗೆ. ಈ ಮೈ ಎಳೆಯೋಕೆ ಬಸ್ಸಿಗೇ ಆಗ್ತಿಲ್ಲ, ಅದೇನ್ ಮಾಡುತ್ತೆ ಪಾಪ!”

ಅವರನ್ನು ಸೀಟಿನ ಮೇಲೆ ಮಲಗಿಸಿ, ಎಲ್ಲರೂ ಸೇರಿ ಬಸ್ಸನ್ನು ದಿಣ್ಣೆ ದಾಟಿಸಿದರು. ಕೋಲಾರದ ಆಸ್ಪತ್ರೆಯಲ್ಲಿ ಜೀವ ಉಳಿಯಿತು.

ಆಮೇಲೆ ಊಟ ಅರ್ಧವಾಯಿತು. ಡಾಕ್ಟರು ಹೇಳಿದಂತೆ ದಿನಾ ಬೆಳಿಗ್ಗೆ ತೋಪಿನಲ್ಲಿ ಮೆಲ್ಲಗೆ ನಡಿಗೆ, ಜೊತೆಗೆ ನಾನು. ಸೊಸೆ ಮಾವನೆದುರು ನಿಂತು ಮಾತಾಡದ ಕಾಲ ಅದು. ಯಾವ ಮರ ಯಾರು ನೆಟ್ಟದ್ದೆಂದು ಅವರು ಹೇಳುತ್ತಾ ಹೋಗುತ್ತಿದ್ದರು. ಹಾಗೆ ಆರು ವರ್ಷ ನಡೆದೆವು. ಅವರ ದನಿ ಅಷ್ಟು ಮೆತ್ತಗಿತ್ತೆಂದು ಆ ನಡಿಗೆ ಶುರುವಾಗುವವರೆಗೆ ನನಗೆ ಗೊತ್ತೇ ಇರಲಿಲ್ಲ.