ಅಮ್ಮ ನಿಂತ ಬಾಗಿಲು

ದೇವರು ಅಪ್ಪಣೆ ಕೊಡುವುದು, ಹೂ ಕೊಡುವುದು, ಮೈಮೇಲೆ ಬರುವುದು ಇವನ್ನೆಲ್ಲ ನಾನು ನಂಬಿದವಳಲ್ಲ. ಈಗಲೂ ಪೂರ್ತಿ ನಂಬುತ್ತೇನೆಂದು ಹೇಳಲಾರೆ. ಆದರೆ ಆ ಒಂದು ದಿನ ಕಣ್ಣಾರೆ ಕಂಡದ್ದನ್ನು ಕಾಣಲಿಲ್ಲ ಎನ್ನುವುದಕ್ಕೂ ಬಾಯಿ ಬರುವುದಿಲ್ಲ. ಓದಿದವರು ನಗಬಹುದು. ಬೇರೆ ಯಾರಾದರೂ ಈ ಕಥೆ ಹೇಳಿದ್ದರೆ ನಾನೂ ನಗುತ್ತಿದ್ದೆ.

ನಾನು ಹುಟ್ಟಿ ಬೆಳೆದದ್ದು ಬೇಲೂರಿನಲ್ಲಿ. ಅಲ್ಲಿ ನನಗೆ ಗೊತ್ತಿದ್ದ ದೇವರು ನಿಂತಲ್ಲೇ ನಿಂತಿರುವ ದೇವರು, ನಾವೇ ಹೋಗಿ ಕೈಮುಗಿದು ಬರಬೇಕು. ಮದುವೆಯಾಗಿ ಬಂದದ್ದು ಅರಸೀಕೆರೆ ತಾಲ್ಲೂಕಿನ ಉತ್ತರದ ಅಂಚಿಗೆ, ಬಾಣಾವರ ದಾಟಿ ಇನ್ನೂ ಒಳಗೆ. ಬಸ್ಸು ಪಕ್ಕದ ದೊಡ್ಡ ಊರಿನಲ್ಲೇ ನಿಂತುಬಿಡುತ್ತಿತ್ತು, ಅಲ್ಲಿಂದಾಚೆ ನಡಿಗೆ. ತಾಲ್ಲೂಕು ಆಫೀಸಿನವರಿಗೆ ನಮ್ಮ ಹಳ್ಳಿಯ ನೆನಪಾಗುತ್ತಿದ್ದದ್ದು ಕಂದಾಯ ವಸೂಲಿಯ ಕಾಲಕ್ಕೆ ಮಾತ್ರ. ಆ ಊರಿನಲ್ಲಿ ಓಡಾಡುವ ದೇವರನ್ನು ಮೊದಲ ಸಲ ನೋಡಿದೆ. ಎರಡು ಉದ್ದನೆಯ ಮರದ ಅಡ್ಡೆಗಳ ನಡುವೆ ಊರಮ್ಮನ ಮೂರ್ತಿಯನ್ನು ಸೀರೆ, ಹೂವುಗಳಿಂದ ಸಿಂಗರಿಸಿ ಕೂರಿಸುತ್ತಾರೆ. ಹಿಂದೊಬ್ಬ ಮುಂದೊಬ್ಬ ಹೆಗಲು ಕೊಡುತ್ತಾರೆ. ಏನಾದರೂ ಕೇಳಿದರೆ ಅಮ್ಮ ಮುಂದಕ್ಕೆ ವಾಲಿದರೆ ಹೌದು, ಹಿಂದಕ್ಕೆ ಸರಿದರೆ ಇಲ್ಲ. ಹೆಣ್ಣು ಕೊಡುವುದು, ಬಾವಿ ತೋಡುವುದು, ಕಳೆದ ಎಮ್ಮೆ ಹುಡುಕುವುದು ಎಲ್ಲಕ್ಕೂ ಅವಳೇ. ಹೊತ್ತವರು ಒತ್ತಿದ ಕಡೆಗೆ ದೇವರು ಹೋಗುತ್ತದೆ ಎಂದು ನಾನು ಅಡುಗೆಮನೆಯಲ್ಲಿ ಗೊಣಗುತ್ತಿದ್ದೆ. ನಮ್ಮತ್ತೆ ಕೆನ್ನೆ ಕೆನ್ನೆ ಬಡಿದುಕೊಳ್ಳುತ್ತಿದ್ದರು.

ಮಂಡಲ ಪಂಚಾಯಿತಿ ಹೋಗಿ ಗ್ರಾಮ ಪಂಚಾಯಿತಿ ಬಂದ ಹೊಸದು. ನಮ್ಮ ಹಳ್ಳಿಗೂ ಒಂದು ಸೀಟು ಸಿಕ್ಕಿತು, ಅದೂ ಹೆಂಗಸರಿಗೆ ಎಂದಾಯಿತು. ಅಲ್ಲಿಯವರೆಗೆ ನಾವು ಅಸೆಂಬ್ಲಿಗೆ ವೋಟು ಹಾಕಿದ್ದೆವೇ ಹೊರತು ಊರಿನ ವಿಷಯಕ್ಕೆ ನಮ್ಮನ್ನು ಯಾರೂ ಏನೂ ಕೇಳಿರಲಿಲ್ಲ. ಅರಳಿಕಟ್ಟೆಯ ಮೇಲೆ ನಾಲ್ಕು ಜನ ಗಂಡಸರು ಕೂತು ಮಾತಾಡಿದರೆ ಮುಗಿಯಿತು. ನೀರಿನ ನಲ್ಲಿ ಬಂದಾಗಲೂ ಹಾಗೇ, ಊರ ಗೌಡರ ಬೀದಿಗೆ ಬಂದು ಅಲ್ಲೇ ನಿಂತಿತು. ನಮ್ಮ ಕೆಳಗಿನ ಬೀದಿಯ ಹೆಂಗಸರು ತೋಟದ ಬಾವಿಯಿಂದ ಹೊರುತ್ತಲೇ ಇದ್ದೆವು. ನಾನು ಎಸ್ಸೆಸ್ಸೆಲ್ಸಿ ಓದಿದ್ದೆ, ಮನೆಯಲ್ಲಿ ಬಟ್ಟೆ ಹೊಲಿಯುತ್ತಿದ್ದೆ. ರವಿಕೆ ಅಳತೆ ಕೊಡಲು ಬಂದವರೆಲ್ಲ ‘ನೀವು ನಿಂತ್ಕಳ್ಳಿ ಅಕ್ಕಾ’ ಎಂದು ಹೇಳೀ ಹೇಳೀ ನನಗೂ ಹಟ ಹಿಡಿಯಿತು. ನಾಮಪತ್ರ ಹಾಕಿದೆ. ಗೌಡರ ಮನೆಯಿಂದ ಅವರ ಸೊಸೆಯದೂ ಬಂತು. ಆ ಹುಡುಗಿಗೆ ಇದೆಲ್ಲ ಬೇಕಿತ್ತೋ ಇಲ್ಲವೋ, ಪಾಪ, ಅವಳನ್ನೂ ಯಾರೂ ಕೇಳಿರಲಿಕ್ಕಿಲ್ಲ.

ನಾಮಪತ್ರ ವಾಪಸು ಪಡೆಯುವ ಗಡುವು ಹತ್ತಿರ ಬಂದಾಗ ಗೌಡರೇ ನಮ್ಮ ಜಗಲಿಗೆ ಬಂದರು. ಜೋರಿನ ಮನುಷ್ಯರಲ್ಲ, ಮೆತ್ತಗೆ ಮಾತಾಡಿಯೇ ಕೆಲಸ ಮಾಡಿಸಿಕೊಳ್ಳುವವರು. “ನೋಡಮ್ಮ, ವೋಟು ಅಂದ್ರೆ ಊರು ಎರಡಾಗ್ತೈತೆ. ಅಮ್ಮನ್ನೇ ಕೇಳಾಣ. ಯಾರ ಬಾಗ್ಲಾಗೆ ನಿಲ್ತಾಳೋ ಅವರು ಮೆಂಬ್ರು, ಇನ್ನೊಬ್ರು ವಾಪಸ್ ತಗಳ್ಳಿ” ಎಂದರು. ಅಮ್ಮನನ್ನು ಹೊರುವ ರಂಗಣ್ಣ, ಸಿದ್ದಣ್ಣ ಇಬ್ಬರೂ ಗೌಡರ ತೆಂಗಿನ ತೋಟದಲ್ಲೇ ಕೆಲಸಕ್ಕಿದ್ದವರು. ಅಮ್ಮ ಯಾರ ಬಾಗಿಲಲ್ಲಿ ನಿಲ್ಲುತ್ತಾಳೆ ಎಂದು ತಿಳಿಯಲು ಜ್ಯೋತಿಷ್ಯ ಬೇಕಿರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. “ಅಮ್ಮ ನನ್ನ ಬಾಗಿಲಲ್ಲಿ ನಿಂತರೂ ನಾನು ಒಪ್ಪೋದಿಲ್ಲ, ವೋಟು ಕೇಳಿಯೇ ಆಗೋದು” ಎಂದುಬಿಟ್ಟೆ. ಗೌಡರು ಎದ್ದು ಹೋಗಿ, ನಾಳೆಯೇ ಅಮ್ಮನನ್ನು ಹೊರಡಿಸುವುದೆಂದು ಊರಿಗೆಲ್ಲ ಸಾರಿಸಿದರು. ನಮ್ಮ ಯಜಮಾನರು ಹತ್ತಿರ ಬಂದು, “ಅಮ್ಮನ ವಿಷ್ಯದಾಗೆ ಬಾಯಿ ಜೋರು ಮಾಡ್ಬ್ಯಾಡ ಕಣೇ, ಈ ಊರಾಗೆ ಬಾಳ್ಬೇಕು ನಾವು” ಎಂದರು.

ಮಾರನೆಯ ದಿನ ಬಿಸಿಲು ಇಳಿಯುವ ಹೊತ್ತಿಗೆ ಅಮ್ಮ ಗುಡಿಯಿಂದ ಹೊರಟಳು. ಮುಂದೆ ತಮಟೆ, ಹಿಂದೆ ಊರೆಲ್ಲ. ಗೌಡರ ಬಾಗಿಲಲ್ಲಿ ದೊಡ್ಡ ರಂಗೋಲಿ, ಆರತಿ ತಟ್ಟೆ ಸಿದ್ಧವಾಗಿತ್ತು. ಅಮ್ಮ ಆ ರಂಗೋಲಿಯ ತನಕ ಹೋದಳು. ಇನ್ನೇನು ನಿಂತಳು ಎನ್ನುವಾಗ ಅಡ್ಡೆ ಗಕ್ಕನೆ ತಿರುಗಿತು. ತಮಟೆಯವನು ಬಡಿಯುವುದನ್ನೇ ಮರೆತ. ಅಮ್ಮ ಸೀದಾ ಕೆಳಗಿನ ಬೀದಿಗಿಳಿದು ನಮ್ಮ ಮನೆಯ ಮುಂದೆ ಬಂದು ನಿಂತಳು. ನಮ್ಮತ್ತೆ ಹೊತ್ತವರ ಕಾಲಿಗೆ ನೀರು ಹಾಕಿದರು.

ಇಲ್ಲಿ ನಿಜ ಹೇಳಬೇಕು. ಹಿಂದಿನ ದಿನ ಅಷ್ಟು ಜಂಬದಿಂದ ಮಾತಾಡಿದ್ದ ನನಗೆ ಆ ಗಳಿಗೆಯಲ್ಲಿ ಎಷ್ಟು ಖುಷಿಯಾಯಿತೆಂದರೆ, ಗೆದ್ದೆ ಎಂದುಕೊಂಡುಬಿಟ್ಟೆ. ಒಪ್ಪುವುದಿಲ್ಲ ಎಂದಿದ್ದ ನಾನೇ ಕೈಮುಗಿದು ನಿಂತೆ. ಅಮ್ಮ ಒಂದು ಸಲ ನನ್ನತ್ತ ವಾಲಿದಳು, ಮುಖಕ್ಕೆ ಮಲ್ಲಿಗೆಯ ಗಾಳಿ ತಾಗಿತು. ಮರುಕ್ಷಣ ರಭಸದಿಂದ ಹಿಂದಕ್ಕೆ ಸರಿದು ಊರಾಚೆಯ ದಾರಿ ಹಿಡಿದಳು.

ಗಂಗೆಪೂಜೆಗಲ್ಲದೆ ಅಮ್ಮ ಊರ ಗಡಿ ದಾಟುವ ಪದ್ಧತಿಯಿಲ್ಲ. ಪೂಜಾರಿ ಕೂಗುತ್ತಿದ್ದ, ಹೊತ್ತವರು ಓಡುತ್ತಿದ್ದರು, ಜನ ಅವರ ಹಿಂದೆ. ನಾನೂ ಸೆರಗು ಸಿಕ್ಕಿಸಿಕೊಂಡು ಓಡಿದೆ. ರಾಗಿ ಹೊಲಗಳ ನಡುವಿನ ಬಂಡಿದಾರಿಯಲ್ಲಿ ಓಡಿ ಓಡಿ ಅಮ್ಮ ಪಕ್ಕದ ಊರಿನ ಸ್ಕೂಲಿಗೆ ನುಗ್ಗಿದಳು. ನಮ್ಮ ವೋಟು ಅಲ್ಲೇ ನಡೆಯುವುದೆಂದು ಎಲ್ಲರಿಗೂ ಗೊತ್ತಿತ್ತು. ಆದರೆ ಅವಳು ಒಳ್ಳೆಯ ಕೋಣೆಗಳನ್ನೆಲ್ಲ ಬಿಟ್ಟು, ಮುರಿದ ಬೆಂಚು ತುಂಬಿದ್ದ ಕಡೆಯ ಕೋಣೆಯ ಬೀಗ ಹಾಕಿದ ಬಾಗಿಲಿಗೆ ಅಡ್ಡೆ ತಾಗಿಸಿ ನಿಂತಳು. ವಾಪಸು ತಿರುಗಿಸಲು ಇನ್ನಿಬ್ಬರು ಕೈ ಹಾಕಿದರೂ ಅಲುಗಲಿಲ್ಲ.

ಆಗ ಗಂಡಸರ ಮುಂದೆ ಎಂದೂ ಬಾಯಿ ತೆರೆಯದ ನಮ್ಮ ಬೀದಿಯ ತಿಮ್ಮಜ್ಜಿ ಏದುಸಿರು ಬಿಡುತ್ತ ಮುಂದೆ ಬಂದು, “ಅಂಗಾರೆ ನಾವೇ ಇಲ್ಲಿಗೆ ಬಂದು ಮುದ್ರೆ ಒತ್ತಬೇಕೇನವ್ವಾ?” ಎಂದು ಕೇಳಿದಳು. ಅಮ್ಮ ಮುಂದಕ್ಕೆ ವಾಲಿದ ರಭಸಕ್ಕೆ ಬಾಗಿಲು ದಡ್ಡೆಂದಿತು. ಆಮೇಲೆ ಹೂವಿನಷ್ಟು ಹಗುರವಾಗಿ ತಿರುಗಿ ಊರಿಗೆ ಬಂದಳು. ನಾಮಪತ್ರ ಯಾರೂ ವಾಪಸು ತೆಗೆದುಕೊಳ್ಳಲಿಲ್ಲ.

ಚುನಾವಣೆಯ ಹಿಂದಿನ ದಿನ ಬಂದ ಅಧಿಕಾರಿಗಳು ಬೇರೆ ತಾಲ್ಲೂಕಿನವರು, ಅವರಿಗೆ ನಮ್ಮ ಕಥೆ ತಿಳಿಯದು. ನಮ್ಮ ಹಳ್ಳಿಗೆಂದು ಗೊತ್ತು ಮಾಡಿದ್ದ ಕೋಣೆಯಲ್ಲಿ ಹೆಜ್ಜೇನು ಕಟ್ಟಿತ್ತಂತೆ. ಬೆಂಚುಗಳನ್ನು ಹೊರಗೆ ಹಾಕಿಸಿ, ಅಮ್ಮ ನಿಂತಿದ್ದ ಕೊನೆಯ ಕೋಣೆಯಲ್ಲೇ ವೋಟಿನ ಪೆಟ್ಟಿಗೆ ಇಟ್ಟರು. ಬೆಳಿಗ್ಗೆ ಸಾಲಿನಲ್ಲಿ ನಿಂತಿದ್ದ ಹೆಂಗಸರು ಅದನ್ನು ನೋಡಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೊಸಿಲಿಗೆ ಕೈಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಹೋದರು.

ನಾನು ಸೋತೆ. ಒಂದು ದಿನವೆಲ್ಲ ಅತ್ತು, ಮತ್ತೆ ಹೊಲಿಗೆ ಮೆಷಿನ್ನಿನ ಮುಂದೆ ಕೂತೆ. ಗೆದ್ದ ಗೌಡರ ಸೊಸೆಯನ್ನು ಗ್ರಾಮಸಭೆಗೆ ಬರುವಂತೆ ಮಾಡಿದೆ, ಸಭೆಯಲ್ಲಿ ಎದ್ದು ನೀರಿನ ವಿಷಯ ಕೇಳಿದೆ. ಕೇಳುವುದನ್ನು ಬಿಡಲೇ ಇಲ್ಲ. ಮುಂದಿನ ಚುನಾವಣೆಯಲ್ಲಿ ಮತ್ತೆ ನಿಂತೆ. ಆ ಸಲ ಗೆದ್ದೆ.

ಕೆಳಗಿನ ಬೀದಿಗೆ ನಲ್ಲಿ ಬಂದ ದಿನ ಪೈಪಿನ ಕೆಲಸಕ್ಕೆ ರಂಗಣ್ಣ, ಸಿದ್ದಣ್ಣ ಇಬ್ಬರೂ ಬಂದಿದ್ದರು. ಕಾಫಿ ಕೊಟ್ಟು, ಗೌಡರ ಬಾಗಿಲಲ್ಲಿ ಅಡ್ಡೆ ತಿರುಗಿಸಿದ್ದು ಯಾರೆಂದು ಅಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಕೇಳಿಯೇಬಿಟ್ಟೆ. ಸಿದ್ದಣ್ಣ ಲೋಟ ಕೆಳಗಿಟ್ಟ. “ನಿಮ್ಮಾಣೆ ಅಕ್ಕಾ, ನಮಗೆ ಹೇಳಿದ್ದು ಗೌಡ್ರ ಬಾಗ್ಲು. ನಾನು ಒತ್ತಿದ್ದೂ ಅತ್ಲಾಗೇಯ. ರಂಗ ತಿರುವ್ತಾವ್ನೆ ಅಂತ ಒಳಗೊಳಗೇ ಬೈಕಂಡೆ” ಎಂದ. ರಂಗಣ್ಣ ಅವನನ್ನೇ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದ. “ಏನ್ಲಾ ಹಂಗಂದ್ರೆ? ತಿರುವಿದ್ದು ನೀನು ಅಂತ ಇವತ್ತಿನ ಗಂಟ ನಾನು ನಿನ್ನ ಬೈಕಂಡಿದ್ನಲ್ಲೋ” ಎಂದ.

ಇಬ್ಬರ ಮುಖವನ್ನೂ ನೋಡಿದೆ. ಸುಳ್ಳು ಹೇಳುವವರ ಮುಖವಾಗಿರಲಿಲ್ಲ. ಇಳಿಜಾರೋ, ಭಯವೋ, ಜನರ ನೂಕೋ ಎಂದು ನನ್ನ ಮಟ್ಟಿಗೆ ಎಷ್ಟೋ ಲೆಕ್ಕ ಹಾಕಿ ನೋಡಿದ್ದೇನೆ, ಒಂದೂ ಹೊಂದುವುದಿಲ್ಲ. ಅವತ್ತು ತಮಾಷೆಗೆಂಬಂತೆ, ತಿರುಗಿಸಿದ್ದು ಯಾರೆಂದು ಅಮ್ಮನನ್ನೇ ಕೇಳಿದರಾಗದೇ ಎಂದೆ.

ರಂಗಣ್ಣ ನಗಲಿಲ್ಲ. “ಬ್ಯಾಡಿ ಅಕ್ಕಾ. ತೀರ್ಮಾನ ನೀವೇ ಮಾಡ್ಕಳ್ಳಿ ಅಂತ ಕೈಗೆ ಕೊಟ್ಟು ಹೋದೋಳ್ನ ಮತ್ತೆ ಕರ್ದು ಕೇಳಂಗಿಲ್ಲ” ಎಂದು ನಲ್ಲಿ ತಿರುಗಿಸಲು ಎದ್ದ.