ಹಿಂದಕ್ಕೆ ಜಾರಿದ ಬಸ್ಸಿಗೆ ಅಜ್ಜಿಯ ಹ್ಞೂಂ

ಜಪಾನಿಗೆ ಹೋಗುವ ನನ್ನ ಸೀಟು ಇನ್ನೇನು ಕೈತಪ್ಪಲಿದ್ದದ್ದು ನಾನು ಏನನ್ನೋ ತಪ್ಪಾಗಿ ಮಾತಾಡಿದ್ದರಿಂದಲ್ಲ, ಸುಮ್ಮನೆ ಕೂತಿದ್ದರಿಂದ. ನನ್ನನ್ನು ಬಲ್ಲವರಿಗೆ ಹೇಳಿದರೆ ಯಾರೂ ನಂಬುವುದಿಲ್ಲ. ಮಧುಗಿರಿಯಲ್ಲಿ ಪಿಯುಸಿ ಓದುವಾಗಲೇ ಸಿರಾ, ಕೊರಟಗೆರೆ, ಪಾವಗಡ ಅಂತ ಚರ್ಚಾಸ್ಪರ್ಧೆ ನಡೆದ ಕಡೆಗೆಲ್ಲ ಬಸ್ಸು ಹತ್ತಿ ಹೋಗಿ, ಪರವೋ ವಿರೋಧವೋ ಚೀಟಿಯಲ್ಲಿ ಬಂದದ್ದನ್ನು ವಾದಿಸಿ, ಕಪ್ ಎತ್ತಿಕೊಂಡು ಬರುತ್ತಿದ್ದವಳು ನಾನು. ಪಾವಗಡದಲ್ಲೊಮ್ಮೆ ನನ್ನ ಸರದಿ ಮುಗಿದ ಮೇಲೆ ಮುಂದಿನ ಸಾಲಿನ ಹಿರಿಯರೊಬ್ಬರು "ಅಬ್ಬಾ, ಏಂ ನೋರಮ್ಮಾ ಇದಿ!" ಎಂದು ತೆಲುಗಿನಲ್ಲೇ ಉದ್ಗರಿಸಿದ್ದರು. ಏನು ಬಾಯಮ್ಮಾ ಇದು ಅಂತ. ಅದನ್ನೂ ಒಂದು ಬಹುಮಾನವೆಂದೇ ಎಣಿಸಿಕೊಂಡಿದ್ದೆ.

ಚರ್ಚೆಗೆ ತಯಾರು ಮಾಡುತ್ತಿದ್ದ ಮೇಷ್ಟ್ರು ಕಲಿಸಿದ ಮೊದಲ ಪಾಠ ಬಾಯಿಯದಲ್ಲ, ಮುಖದ್ದು. ಎದುರಾಳಿ ಮಾತಾಡುವಾಗ ತಲೆ ಆಡಿಸಬೇಡ. ಆಡಿಸಿದೆಯೋ, ಅರ್ಧ ಒಪ್ಪಿಕೊಂಡೆ ಎಂದು ತೀರ್ಪುಗಾರರು ಬರೆದುಕೊಳ್ಳುತ್ತಾರೆ. ಮುಖ ಕಲ್ಲಾಗಿರಲಿ, ಕಿವಿ ತಪ್ಪು ಹುಡುಕುತ್ತಿರಲಿ. ಕಲ್ಲಿಗೆ ಮಾದರಿ ಹುಡುಕಿಕೊಂಡು ದೂರ ಹೋಗಬೇಕಿರಲಿಲ್ಲ. ಕ್ಲಾಸಿನ ಕಿಟಕಿಯ ತುಂಬ ನಮ್ಮೂರ ಬೆಟ್ಟವೇ ಇತ್ತು.

ವಿಶ್ವವಿದ್ಯಾಲಯಕ್ಕೆ ಸೇರಿದ ಮೇಲೆ ಜಪಾನಿ ಭಾಷೆ ತೆಗೆದುಕೊಂಡದ್ದೂ ಒಂದು ವಾದದಿಂದಲೇ. "ಅದು ಯಾರಿಗೂ ಬರಲ್ಲ ಕಣೇ" ಎಂದಳು ಗೆಳತಿ. ಜಪಾನಿನವರಿಗೆ ಬರುತ್ತದಲ್ಲ ಎಂದೆ. ಮಾರನೆಯ ದಿನ ಹೋಗಿ ಹೆಸರು ಬರೆಸಿದೆ. ಎರಡನೆಯ ವರ್ಷದಲ್ಲಿ ವಿನಿಮಯದ ನೋಟಿಸು ಬಂತು: ಒಂದು ಸೆಮಿಸ್ಟರ್ ಅಲ್ಲಿಯೇ ಓದು, ಇರಲು ಹಾಸ್ಟೆಲು, ಹೋಗುವುದು ಒಬ್ಬರೇ. ಬರಹದ ಪರೀಕ್ಷೆಯಲ್ಲಿ ನಾನೇ ಮೊದಲು ಬಂದಾಗ ಮಧುಗಿರಿಯ ನಮ್ಮ ಮನೆಯಲ್ಲಿ ಎರಡು ದಿನ ಒಲೆ ಹಚ್ಚಿದ್ದು ಯಾರು, ಆರಿಸಿದ್ದು ಯಾರು ಎಂದು ಯಾರಿಗೂ ಗೊತ್ತಿರಲಿಲ್ಲ. ಆದರೆ ಇನ್ನೊಂದು ಮೆಟ್ಟಿಲು ಬಾಕಿಯಿತ್ತು. ನಾನು ಹೋಗಬೇಕಾದ ಊರಿನ ಹಿರಿಯರೊಬ್ಬರ ಜೊತೆ ಐದು ಭಾನುವಾರ ವಿಡಿಯೋ ಕರೆಯಲ್ಲಿ ಮಾತಾಡಬೇಕು. ಕೊನೆಯಲ್ಲಿ ಅವರು ಒಂದು ಫಾರಂ ತುಂಬುತ್ತಾರೆ. ಈ ವಿದ್ಯಾರ್ಥಿಯ ಜೊತೆ ಸಂಭಾಷಣೆ ನಡೆಯುತ್ತದೆಯೇ? ನಡೆಯುತ್ತದೆ ಎಂದರೆ ಹೊರಡು. ಇಲ್ಲವೆಂದರೆ ಸೀಟು ಪಟ್ಟಿಯ ಎರಡನೆಯ ಹೆಸರಿಗೆ.

ಸಂಭಾಷಣೆಯಂತೆ! ಅದೂ ನನಗೆ! ನಕ್ಕುಬಿಟ್ಟೆ.

ನಮ್ಮ ಜಪಾನಿ ಮೇಡಂ ನಗಲಿಲ್ಲ. ಅವರು ಸಿರಾದವರು, ಅಪ್ಪನದು ಅಲ್ಲಿ ಬಳೆ ಅಂಗಡಿ. ತಾವೂ ಹಿಂದೊಮ್ಮೆ ಜಪಾನಿನಲ್ಲಿ ಓದಿ ಬಂದವರು. "ಅವರು ಮಾತಾಡ್ತಿರುವಾಗ ನಡುನಡುವೆ ಉನ್, ಹಾಯ್, ಏಏ ಅಂತಿರಬೇಕು. ಐಜುಚಿ ಅಂತಾರೆ ಅದಕ್ಕೆ. ಮರೀಬೇಡ" ಎಂದಿದ್ದರು. ನಾನು ನೋಟ್ ಪುಸ್ತಕದಲ್ಲಿ ಆ ಪದ ಬರೆದು, ಪಕ್ಕದಲ್ಲಿ ‘ಭಟ್ಟಂಗಿತನ’ ಎಂದು ಅರ್ಥ ಬರೆದುಕೊಂಡೆ.

ಮೊದಲ ಮೂರು ಭಾನುವಾರದ ಕರೆಗಳು ಕೋರ್ಟಿನ ಎದುರಿಗಿರುವ ಅಪ್ಪನ ಟೈಪಿಂಗ್ ಅಂಗಡಿಯಲ್ಲಿ ನಡೆದವು. ರಜೆಯ ದಿನ ಅಲ್ಲಿ ನೆಟ್ ಚೆನ್ನಾಗಿ ಸಿಗುತ್ತಿತ್ತು. ಅರ್ಧ ಷಟರ್ ಎಳೆದು, ಜೆರಾಕ್ಸ್ ಯಂತ್ರದ ಮೇಲೆ ಫೋನು ಒರಗಿಸಿ ಕೂರುತ್ತಿದ್ದೆ. ಪರದೆಯ ಆ ಕಡೆಯಲ್ಲಿ ಇದ್ದವರು ನಿವೃತ್ತ ಬಸ್ ಚಾಲಕರು. ಬೆಟ್ಟದ ಬುಡದ ಒಂದು ಸಣ್ಣ ಊರಿನಲ್ಲಿ ಆಯುಸ್ಸೆಲ್ಲ ಬಸ್ಸು ಓಡಿಸಿದವರು. ಈಗಲೂ ಸ್ಟಿಯರಿಂಗ್ ಮುಂದೆ ಕೂತ ಹಾಗೆಯೇ ನೆಟ್ಟಗೆ ಕೂರುತ್ತಿದ್ದರು. ಮೊದಲೆರಡು ವಾರ ಊಟ, ಹವಾಮಾನ, ನನ್ನ ಓದು, ಅವರ ಮಂಡಿನೋವು. ಮೂರನೆಯ ವಾರ ಅವರೊಂದು ಕಥೆ ಶುರು ಮಾಡಿದರು.

ಒಂದು ಚಳಿಗಾಲ. ರಾತ್ರಿಯೆಲ್ಲ ಬಿದ್ದ ಹಿಮ ಬೆಳಗ್ಗೆ ರಸ್ತೆಯ ಮೇಲೆ ಗಾಜಾಗಿತ್ತು. ಅಂಥ ದಿನ ಬಸ್ಸಿನ ಹಿಂದಿನ ಚಕ್ರಗಳಿಗೆ ಕಬ್ಬಿಣದ ಸರಪಳಿ ಸುತ್ತುತ್ತಾರೆ, ಜಾರದಿರಲಿ ಅಂತ. ಅವರೂ ಸುತ್ತಿದರು. ಹೊರಟರು. ದೊಡ್ಡ ಏರಿನ ಅರ್ಧದಲ್ಲಿ ಬಸ್ಸು ನಿಂತು, ಮೆಲ್ಲಗೆ ಹಿಂದಕ್ಕೆ ಜಾರತೊಡಗಿತು.

ನಾನು ಕಲ್ಲಿನ ಹಾಗೆ ಕೂತು ಕೇಳುತ್ತಿದ್ದೆ. ಕಿವಿ ತನ್ನ ಕೆಲಸ ಮಾಡಿತು. "ಕ್ಷಮಿಸಿ, ಒಂದು ಪ್ರಶ್ನೆ" ಎಂದೆ. "ಸರಪಳಿ ಹಾಕಿದ್ದೆ ಎಂದಿರಿ. ಸರಪಳಿ ಹಾಕುವುದೇ ಜಾರದಿರಲಿ ಎಂದು. ಹಾಗಿದ್ದರೆ ಜಾರಿದ್ದು ಹೇಗೆ?"

ಪರಭಾಷೆಯಲ್ಲಿ, ಒಂದೂ ತಡವರಿಕೆಯಿಲ್ಲದೆ ಆಡಿದ ಮಾತು! ಕೊರಟಗೆರೆಯ ವೇದಿಕೆಯಲ್ಲಾಗಿದ್ದರೆ ಚಪ್ಪಾಳೆ ಬೀಳುತ್ತಿತ್ತು. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಹೌದಲ್ಲವೇ" ಎಂದರು. ಆಮೇಲೆ ನಿಮ್ಮೂರಲ್ಲಿ ಈಗ ಸೆಕೆಯೇ ಎಂದು ಕೇಳಿದರು. ಕಥೆ ಅಲ್ಲಿಗೇ ನಿಂತಿತು.

ಮಂಗಳವಾರ ಮೇಡಂ ಫೋನು ಮಾಡಿದರು. "ಅರೆ, ಏನು ಮಾಡಿಬಿಟ್ಟೆ ಹುಡುಗಿ? ತನ್ನ ಹಳೇ ಕಥೆಯಿಂದ ನಿನಗೆ ತೊಂದರೆ ಆಗ್ತಿದೆಯೇನೋ, ಬೇರೆ ಚುರುಕಾದವರು ಸಿಕ್ಕರೆ ಒಳ್ಳೇದೇನೋ ಅಂತ ಅವರು ಅಲ್ಲಿನ ವಿಶ್ವವಿದ್ಯಾಲಯದವರಿಗೆ ಹೇಳಿದ್ದಾರಂತೆ."

"ಎಷ್ಟು ವಿನಯ ನೋಡಿ ಮೇಡಂ."

"ವಿನಯ ಅಲ್ಲಮ್ಮ, ಅವರು ಬೇಡ ಅನ್ನೋದೇ ಹಾಗೆ."

"ನಾನು ಕೇಳಿದ ಪ್ರಶ್ನೆಯಲ್ಲಿ ತಪ್ಪೇನಿದೆ?"

"ತಪ್ಪಿದೆ ಅಂತ ಯಾರಂದ್ರು? ನಿನ್ನ ಫೋನು ಹ್ಯಾಂಗ್ ಆಗಿದೆ ಅಂತ ಎರಡು ಸಲ ಅಂದ್ಕೊಂಡ್ರಂತೆ ಪಾಪ. ಅಷ್ಟು ಅಲ್ಲಾಡದೆ ಕೂತಿದ್ದೆಯಂತೆ ನೀನು. ಉಳಿದಿರೋದು ಎರಡೇ ವಾರ. ಬಸ್, ಇನ್ನು ನಿನ್ನಿಷ್ಟ."

ವಾದ ಗೆದ್ದು ಸೀಟು ಕಳೆದುಕೊಳ್ಳುವುದು ಹೇಗೆ ಎಂದು ಯಾವ ಮೇಷ್ಟ್ರೂ ಕಲಿಸಿರಲಿಲ್ಲ.

ನಾಲ್ಕನೆಯ ಭಾನುವಾರ ಅಂಗಡಿಗೆ ಹೋಗುವುದಕ್ಕೂ ಆಗಲಿಲ್ಲ. ಹುಣಸೆ ಕಾಲ. ಪುರವರದಲ್ಲಿ ಅಮ್ಮನ ತಾಯಿಯ ಮನೆ. ಮರದಿಂದ ಉದುರಿಸಿದ ಕಾಯಿಯೆಲ್ಲ ನಡುಮನೆಯಲ್ಲಿ ರಾಶಿ ಬಿದ್ದಿತ್ತು. ಸಿಪ್ಪೆ ತೆಗೆದು, ಕಲ್ಲಿನ ಮೇಲಿಟ್ಟು ಕುಟ್ಟಿ ಬೀಜ ಬಿಡಿಸಬೇಕು. ಬರದಿದ್ದರೆ ಅಜ್ಜಿ ವರ್ಷವಿಡೀ ಆಡಿಕೊಳ್ಳುತ್ತಾಳೆ. ಹೋದೆವು. ಹತ್ತು ಗಂಟೆಗೆ ಸರಿಯಾಗಿ, ಬೋರಲು ಹಾಕಿದ ಪಾತ್ರೆಗೆ ಫೋನು ಒರಗಿಸಿ ರಾಶಿಯ ಪಕ್ಕದಲ್ಲೇ ಕೂತೆ. ಅಜ್ಜಿ ನನ್ನ ಬೆನ್ನ ಹಿಂದೆ ಕುಟ್ಟುತ್ತಿದ್ದಳು. ಸದ್ದು ಮಾಡಬೇಡ ಎಂದು ಬೇಡಿಕೊಂಡಿದ್ದೆ.

ಹಿರಿಯರು ಬಂದರು. ಮುಖ ಬಿಗಿದಿತ್ತು. ನಾನೇ ಮುಂದಾಗಿ, ಆ ಬಸ್ಸಿನ ಕಥೆ ದಯವಿಟ್ಟು ಮುಂದುವರಿಸಿ ಎಂದೆ. ಬೇಡವೇನೋ ಎಂಬ ಹಾಗೆ ಶುರು ಮಾಡಿದರು. ಹಿಮ, ಸರಪಳಿ, ಏರು. ಚಕ್ರಕ್ಕೆ ಸರಪಳಿ ಸುತ್ತಿದ್ದನ್ನು ಕೈ ತಿರುಗಿಸಿ ತೋರಿಸಿ ಮತ್ತೆ ಕನ್ನಡಕ ತೆಗೆದರು. ನಾನು ಐಜುಚಿ ಹಾಕಬೇಕೆಂದು ಬಾಯಿ ತೆರೆದೆ, ಅದು ಬರಲೇ ಇಲ್ಲ. ಒಪ್ಪದ ಮಾತಿಗೆ ಹೌದು ಎನ್ನುವುದು ಹೇಗೆ?

ಅಷ್ಟರಲ್ಲಿ ಹಿಂದಿನಿಂದ ಬಂತು.

"ಹ್ಞೂಂ."

ನಾನು ತಿರುಗಿ ನೋಡಿದೆ. ಅಜ್ಜಿ ಕುಟ್ಟುವುದು ನಿಲ್ಲಿಸಿ, ಕೈಯಲ್ಲಿ ಕಲ್ಲು ಹಿಡಿದುಕೊಂಡೇ ಪರದೆಯ ಕಡೆ ಬಗ್ಗಿದ್ದಳು.

ಬಸ್ಸು ಜಾರಿತು ಎಂದರು ಅವರು, ಕೈಯನ್ನು ಹಿಂದಕ್ಕೆ ಸರಿಸಿ ತೋರಿಸುತ್ತಾ. "ಹ್ಞೂಂ... ಆಮೇಕೆ?" ಎಂದಳು ಅಜ್ಜಿ. ಒಬ್ಬ ಶಾಲಾ ಮೇಷ್ಟ್ರು ಎದ್ದು ಎಲ್ಲರೂ ಇಳಿಯಿರಿ ಎಂದು ಆಜ್ಞೆ ಮಾಡಿದರಂತೆ. "ಹ್ಞೂಂ ಹ್ಞೂಂ." ಮೂಲಂಗಿ ಹೊರೆ ಹೊತ್ತ ಹೆಂಗಸೊಬ್ಬಳು ಹಿಮದಲ್ಲಿ ಬಿದ್ದಳಂತೆ. ಅವರ ದನಿ ಏರಿತು. "ಅಯ್ಯೋ ಶಿವನೇ!" ಎಂದಳು ಅಜ್ಜಿ.

"ಅಜ್ಜೀ, ಸುಮ್ನಿರು, ಇದು ನನ್ನ ಪರೀಕ್ಷೆ ಕಣಜ್ಜಿ" ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದೆ.

"ಸುಮ್ಕಿರಾಕೆ ನೀನಿದೀಯಲ್ಲ. ಇಬ್ರೂ ಸುಮ್ಕಿದ್ರೆ ಆವಯ್ಯ ಗ್ವಾಡೆ ಮುಂದೆ ಮಾತಾಡ್ದಂಗೆ ಆಗಕಿಲ್ವಾ?"

ಪರದೆಯಲ್ಲಿ ಹಿರಿಯರು ಕತ್ತು ಉದ್ದ ಮಾಡಿ, ಅವರು ಯಾರು ಎಂದು ಕೇಳಿದರು. ನನ್ನ ಅಜ್ಜಿ ಎಂದೆ. ಅವರು ಕೂತಲ್ಲೇ ಬಾಗಿ ವಂದಿಸಿದರು. ಅಜ್ಜಿ ಹುಣಸೆ ಅಂಟಿದ ಕೈ ಜೋಡಿಸಿದಳು. ಅಲ್ಲಿಂದಾಚೆ ನಾನು ಆ ಕರೆಯಲ್ಲಿ ಇರಲೇ ಇಲ್ಲ. ಅವರು ಅವಳಿಗೆ ಹೇಳಿದರು, ಅವಳು ಹ್ಞೂಂಗುಟ್ಟಿದಳು. ಅವಳಿಗೆ ಒಂದಕ್ಷರ ತಿಳಿಯಲಿಲ್ಲ, ಅವರಿಗೆ ಅದು ಬೇಕಾಗಲೂ ಇಲ್ಲ. ಇಪ್ಪತ್ತು ನಿಮಿಷದ ಕರೆ ಮುಕ್ಕಾಲು ಗಂಟೆ ನಡೆಯಿತು. ಪ್ರಯಾಣಿಕರೆಲ್ಲ ಬಸ್ಸಿಗೆ ಭುಜ ಕೊಟ್ಟು ನಿಂತಲ್ಲಿಗೆ, ಮುಂದಿನ ವಾರ ಎಂದು ನಗುತ್ತಾ ನಿಲ್ಲಿಸಿದರು. ಮುಂದಿನ ವಾರ! ಅಂದರೆ ಅವರು ಬರುತ್ತಾರೆ!

ಕರೆ ಮುಗಿದದ್ದೇ ನಾನು ಅಜ್ಜಿಯ ಮೇಲೆ ಬಿದ್ದೆ. ಚಿಕ್ಕವಳಿದ್ದಾಗಿನ ಜಗಳ ಅದು. ಇದೇ ನಡುಮನೆಯಲ್ಲಿ ಮೊಮ್ಮಕ್ಕಳಿಗೆಲ್ಲ ಕಥೆ ಹೇಳುವಾಗ ಯಾರಾದರೊಬ್ಬರು ಹ್ಞೂಂ ಅನ್ನುತ್ತಿರಬೇಕಿತ್ತು, ಇಲ್ಲವಾದರೆ ಕಥೆ ಬಂದ್. ಹುಲಿ ಮಾತಾಡಿತು ಎಂದಾಗ ನಾನು ಹ್ಞೂಂ ಅನ್ನಲಿಲ್ಲ, ಯಾವ ಭಾಷೆಯಲ್ಲಿ ಎಂದು ಕೇಳಿದೆ. ಆ ಕೆಲಸದಿಂದ ನನ್ನನ್ನು ತೆಗೆದುಹಾಕಿದ್ದಳು.

"ಅರ್ಥವೇ ಆಗದೆ ಹೂಂ ಅಂದೆಯಲ್ಲ, ಅದು ಮೋಸ ಅಲ್ವಾ?"

"ಯಾತರ ಮೋಸ?"

"ಒಪ್ಪಿಕೊಂಡ ಹಾಗಾಯ್ತಲ್ಲ."

"ಒಪ್ಕಂಡೆ ಅಂತ ಯಾವಳಂದ್ಳು? ನಾನಿಲ್ಲೇ ಇವ್ನಿ, ನೀನು ಮುಂದ್ಕೋಗು ಅಂತ ಕಣೇ."

"ಅವರು ಸುಳ್ಳು ಹೇಳ್ತಿದ್ರೆ?"

"ಹೇಳ್ಲಿ ಬುಡು. ಸುಳ್ಳಾದ್ರೂ ಪೂರ್ತಿ ಆಗ್ಲಿ. ಅರ್ಧದಾಗೇ ಬಾಯಿ ಮುಚ್ಚಿಸ್ಬುಟ್ರೆ ಅದು ಸುಳ್ಳೋ ನಿಜವೋ ಹೆಂಗೆ ಗೊತ್ತಾಗ್ತದೆ? ಓದಿದೋಳಂತೆ. ಹಿಡಿ, ಈ ಬೀಜ ಬುಡಿಸು."

ನಾನು ಬೀಜ ಬಿಡಿಸತೊಡಗಿದೆ. ಸಾಕ್ಷಿಯನ್ನು ಮುಗಿಯುವವರೆಗೆ ಹೇಳಲು ಬಿಡಬೇಕು ಎನ್ನುವುದು ಕೋರ್ಟಿನ ಎದುರು ಬೆಳೆದ ನನಗೆ ಹೊಳೆಯಬೇಕಿತ್ತು. ಹೊಳೆದದ್ದು ಹುಣಸೆ ಕುಟ್ಟುವವಳಿಗೆ.

ಆ ವಾರವಿಡೀ ಅಭ್ಯಾಸ ಮಾಡಿದೆ. ಐದನೆಯ ಭಾನುವಾರ ಪುರವರಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿ ಕಡೆ ತಿರುಗಿ "ಉನ್, ಏಏ, ಉನ್" ಎನ್ನುತ್ತಿದ್ದೆ. ಪಕ್ಕದಲ್ಲಿ ಕೂತ ಹೆಂಗಸು "ಯಾಕವ್ವಾ, ಹೊಟ್ಟೆ ತೊಳಸ್ತೈತಾ?" ಎಂದು ಕೇಳಿ ಜಾಗ ಬದಲಾಯಿಸಿದಳು.

ಕರೆಗೆ ಈ ಸಲ ಅಜ್ಜಿಯೂ ತಲೆ ಬಾಚಿಕೊಂಡು ನನ್ನ ಪಕ್ಕದಲ್ಲೇ ಕೂತಳು. ನನ್ನ ಮೊದಲ ‘ಉನ್’ ಬಿಕ್ಕಳಿಕೆಯ ಹಾಗೆ ಬಂತು. ಎರಡನೆಯದಕ್ಕೆ ಅಜ್ಜಿ ತೊಡೆ ಚಿವುಟಿದಳು. ಮೂರೋ ನಾಲ್ಕೋ ಆದ ಮೇಲೆ ನಾನು ಎಣಿಸುವುದನ್ನೇ ಮರೆತೆ, ಯಾಕೆಂದರೆ ಕಥೆ ಓಡುತ್ತಿತ್ತು! ಮೇಷ್ಟ್ರು ಒಂದು ಎರಡು ಎಂದು ಕೂಗುತ್ತಾರೆ, ಎಲ್ಲರೂ ತಳ್ಳುತ್ತಾರೆ, ಬಸ್ಸು ಒಂದಡಿ ಹತ್ತಿ ಎರಡಡಿ ಜಾರುತ್ತದೆ. ಹಸಿವಿಗೆ ಮೂಲಂಗಿ ತಿನ್ನುತ್ತಾರೆ. ಮಧ್ಯಾಹ್ನದವರೆಗೂ ಬೆವರು ಸುರಿಸಿ ತಳ್ಳಿ ತಲೆ ಎತ್ತಿ ನೋಡಿದರೆ, ಬೆಳಗ್ಗೆ ಹತ್ತಿದ್ದ ಅದೇ ನಿಲ್ದಾಣ. ಒಬ್ಬೊಬ್ಬರೇ ಚಾಲಕರಿಗೆ ವಂದಿಸಿ, ತುಂಬಾ ಉಪಕಾರವಾಯಿತು ಎಂದು ಹೇಳಿ ಮನೆಗೆ ಹೋದರಂತೆ. ನಾನು ನಕ್ಕು ನಕ್ಕು ಹುಣಸೆ ರಾಶಿಗೆ ಒರಗಿದೆ. ಅದನ್ನು ಕನ್ನಡದಲ್ಲಿ ಅಜ್ಜಿಗೆ ಹೇಳಿದಾಗ ಅವಳು ಒಬ್ಬಳೇ ಎರಡನೆಯ ಸುತ್ತು ನಕ್ಕಳು, ಅವಳನ್ನು ನೋಡಿ ಅವರು ಮೂರನೆಯ ಸುತ್ತು. ಸರಪಳಿಯ ಪ್ರಶ್ನೆ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಕೇಳಲಿಲ್ಲ.

ಫಾರಂ ಬಂತು. ನಡೆಯುತ್ತದೆ ಎಂಬಲ್ಲಿ ಗುರುತು. ಕೆಳಗೆ ಒಂದು ಸಾಲು: ಸಾಧ್ಯವಿದ್ದರೆ ಅಜ್ಜಿಯನ್ನೂ ಕಳುಹಿಸಿ. ನಾನು ಕಿರುಚಿದ್ದಕ್ಕೆ ಅಪ್ಪನ ಅಂಗಡಿಯಲ್ಲಿ ಅಫಿಡವಿಟ್ ಮಾಡಿಸುತ್ತಿದ್ದವರು ಎದ್ದು ನಿಂತರು.

ಸೆಪ್ಟೆಂಬರಿನಲ್ಲಿ ಹೊರಟೆ. ಅಲ್ಲಿನ ತರಗತಿಗಳು, ಹಾಸ್ಟೆಲಿನ ಕೋಣೆ, ಬೆಳಗಿನ ರೈಲು, ಯಾವುದಕ್ಕೂ ನನ್ನ ಕಣ್ಣು ಸಾಲುತ್ತಿರಲಿಲ್ಲ. ಮೊದಲ ಭಾನುವಾರವೇ ಹಿರಿಯರು ಬಸ್ ನಿಲ್ದಾಣದಲ್ಲಿ ಕಾದಿದ್ದರು. ಪರದೆಯಲ್ಲಿ ಕಂಡದ್ದಕ್ಕಿಂತ ಕುಳ್ಳು. ಬಸ್ಸಿನಲ್ಲಿ ಆ ಏರಿನವರೆಗೂ ಕರೆದುಕೊಂಡು ಹೋದರು. ಇಲ್ಲೇ ನಿಂತದ್ದು, ಇಲ್ಲಿಂದ ಜಾರಿದ್ದು ಎಂದು ತೋರಿಸಿದರು. ನಾನು ಉನ್ ಎಂದೆ. ಅವರು ಕನ್ನಡಕ ತೆಗೆದರು. ಏಏ ಎಂದೆ. ಎರಡು ಹೆಜ್ಜೆ ನಡೆದು ನಿಂತರು.

"ಸರಪಳಿ ಎರಡೂ ಕಡೆ ಹಾಕಿರಲಿಲ್ಲ" ಎಂದರು. "ಒಂದೇ ಚಕ್ರಕ್ಕೆ. ಅವಸರದಲ್ಲಿ ಇನ್ನೊಂದನ್ನು ಡಿಪೋದ ಗೋಡೆಯ ಮೊಳೆಯಲ್ಲೇ ಮರೆತಿದ್ದೆ. ಈ ಕಥೆ ಎಷ್ಟೋ ಜನಕ್ಕೆ ಹೇಳಿದ್ದೇನೆ, ಇದನ್ನು ಮಾತ್ರ ಯಾರಿಗೂ ಹೇಳಿಲ್ಲ. ಕೇಳಿದವರು ನೀವೊಬ್ಬರೇ. ನಿಮ್ಮ ಪ್ರಶ್ನೆ ಸರಿಯಾಗಿತ್ತು."

ನನ್ನ ಪ್ರಶ್ನೆ ಸರಿಯಾಗಿತ್ತು! ಆ ಏರಿನಲ್ಲಿ ನಿಂತು ಕುಣಿಯುವುದೊಂದು ಬಾಕಿ. ಅವರ ಎದುರಿಗೆ ಮಾತ್ರ ಒಂದು ‘ಉನ್’ ಎಂದೆ, ಮೆಲ್ಲಗೆ. ಅವರು ಹಗುರಾದ ಹಾಗೆ ನಕ್ಕು ಮುಂದೆ ನಡೆದರು.

ಹಾಸ್ಟೆಲಿಗೆ ಬಂದವಳೇ ಪುರವರಕ್ಕೆ ಫೋನು ಹಚ್ಚಿದೆ. ಅಲ್ಲಿ ಇನ್ನೂ ಮಧ್ಯಾಹ್ನ. "ಅಜ್ಜೀ, ನಾನು ಹೇಳಿರಲಿಲ್ವಾ? ಸರಪಳಿ ಒಂದೇ ಕಡೆ ಇತ್ತಂತೆ!"

"ಅವತ್ತೇ ಗೊತ್ತಿತ್ತು ಬುಡು."

"ಹೆಂಗೆ ಗೊತ್ತಿತ್ತು? ನಿನಗೆ ಒಂದು ಪದ ಬರಲ್ಲ."

"ಆ ಚಕ್ರುದ್ ಮಾತು ಬಂದಾಗೆಲ್ಲ ಕನ್ನಡಕ ತೆಗ್ದು ವರುಸ್ತಿದ್ದ ಕಣೇ. ಬ್ಯಾರೆ ಯಾವ ಜಾಗ್ದಾಗೂ ತೆಗೀಲಿಲ್ಲ. ನೀನು ನೋಡ್ಲಿಲ್ವಾ?"

ನೋಡಿದ್ದೆ. ಪ್ರತಿ ಸಲವೂ ನೋಡಿದ್ದೆ. ಆದರೂ ಬಿಟ್ಟುಕೊಡುವುದು ಹೇಗೆ?

"ಅದೆಲ್ಲ ಪುರಾವೆ ಆಗಲ್ಲ ಕಣಜ್ಜಿ" ಎಂದೆ.

"ಹ್ಞೂಂ" ಎಂದಳು ಅಜ್ಜಿ. "ಆಮೇಕೆ?"